ನನ್ನ ತಂಗಿಯ ಹಲ್ಲು ಮತ್ತು ನೀವು ಬಿಚ್ಚದ ಚೀಟಿ

ವಸತಿಶಾಲೆಗಳ ಆರೋಗ್ಯಾಧಿಕಾರಿಗಳಿಗೆ

ಮಾನ್ಯರೇ,

ಎಂಟು ವರ್ಷದ ನನ್ನ ತಂಗಿಯ ಮುಂದಿನ ಎರಡು ಹಲ್ಲು ಹೋದವು. ಒಂದು ಅರ್ಧಕ್ಕೆ ಮುರಿಯಿತು, ಇನ್ನೊಂದು ಬೇರುಸಹಿತ ಕಳಚಿ ಬಂತು. ಹೀಗಾಗಬಹುದು ಎಂದು ನಿಮ್ಮ ಕಚೇರಿಗೆ ಮೂರು ತಿಂಗಳ ಮೊದಲೇ ಬರವಣಿಗೆಯಲ್ಲಿ ತಿಳಿಸಲಾಗಿತ್ತು. ನೀವು ಅದರ ಮೇಲೆ ‘ಸೌಂದರ್ಯ ಸಂಬಂಧಿ. ಹದಿನಾಲ್ಕು ವರ್ಷ ತುಂಬಿದ ನಂತರ ಪರಿಶೀಲಿಸಲಾಗುವುದು’ ಎಂಬ ನೀಲಿ ಮೊಹರು ಒತ್ತಿ ವಾಪಸು ಕಳಿಸಿದಿರಿ. ನನ್ನ ದೂರು ಇಷ್ಟೇ. ಸಮಯವಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಇದ್ದರೆ ದಯವಿಟ್ಟು ಕೊನೆಯವರೆಗೆ ಓದಿ, ಏಕೆಂದರೆ ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದನ್ನು ಮುಚ್ಚಿಟ್ಟು ನಿಮ್ಮೊಬ್ಬರನ್ನೇ ಬೈಯಲು ನನಗೆ ಬಾಯಿ ಬರುತ್ತಿಲ್ಲ.

ನಾನು ಕಾಲೇಜಿನ ಮೊದಲ ವರ್ಷದವಳು. ಅಪ್ಪ ಸೇತುವೆ ಕೆಲಸದ ವೆಲ್ಡರ್. ಒಂದು ಸೇತುವೆ ಮುಗಿದರೆ ಇನ್ನೊಂದು ಊರು. ಅವರ ಹಿಂದೆ ಅಮ್ಮ. ಹಾಗಾಗಿ ನಾನೂ ತಂಗಿಯೂ ಆರು ತುಂಬುತ್ತಲೇ ಹಾಸ್ಟೆಲ್ ಸೇರಿದವರು. ಹನ್ನೆರಡು ವರ್ಷ ನಿಮ್ಮ ವಾರ್ಷಿಕ ಆರೋಗ್ಯ ತಪಾಸಣೆಯ ಸಾಲಿನಲ್ಲಿ ನಿಂತಿದ್ದೇನೆ. ಕೈಯಲ್ಲಿ ಟಾರ್ಚ್ ಹಿಡಿದವರು ‘ಆ ಅನ್ನು’ ಎನ್ನುತ್ತಿದ್ದರು, ನಾವು ಆ ಎನ್ನುತ್ತಿದ್ದೆವು, ‘ನೆಕ್ಸ್ಟ್’. ಹುಳುಕು ಇದ್ದರೆ ಒಂದು ಗೀಟು, ಇಲ್ಲದಿದ್ದರೆ ಇಲ್ಲ. ಬಾಯಿ ತೆರೆದಾಗ ಎಲ್ಲರ ಹಲ್ಲೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ ಮಾನ್ಯರೇ. ಮೇಲಿನ ಹಲ್ಲು ಎಷ್ಟು ಮುಂದಿದೆ, ಕೆಳಗಿನ ದವಡೆ ಎತ್ತ ಜಾರುತ್ತದೆ ಎಂಬುದು ತಿಳಿಯುವುದು ಕಚ್ಚಿದಾಗ. ಹನ್ನೆರಡು ವರ್ಷದಲ್ಲಿ ಒಬ್ಬರಾದರೂ ‘ಕಚ್ಚು’ ಎಂದಿದ್ದರೆ ನನಗೆ ನೆನಪಿರುತ್ತಿತ್ತು.

ಈ ವರ್ಷ ಬಂದ ಹಲ್ಲಿನ ಡಾಕ್ಟರಮ್ಮ ಹಾಗೆಂದರು. ರಜೆಯಲ್ಲಿ ತಂಗಿಯನ್ನು ನೋಡಲು ಹೋಗಿದ್ದ ನಾನು ಆ ದಿನ ತಪಾಸಣೆ ನಡೆಯುತ್ತಿದ್ದ ಊಟದ ಕೋಣೆಯಲ್ಲೇ ಇದ್ದೆ.

“ಈಗ ಬಾಯಿ ಮುಚ್ಚು ಮರಿ. ಗಟ್ಟಿಯಾಗಿ ಕಚ್ಚು. ತುಟಿ ಮುಚ್ಚು.”

ತಂಗಿ ಮುಚ್ಚಿದಳು. ತುಟಿ ಸಾಲಲಿಲ್ಲ. ಎರಡು ಹಲ್ಲು ಕಿಟಕಿಯಿಂದ ಇಣುಕುವ ಮಕ್ಕಳ ಹಾಗೆ ಹೊರಗೇ ಉಳಿದವು. ಹಿಂದಿನ ಸಾಲಿನಿಂದ ಯಾರೋ “ಮಿಸ್, ಅವ್ಳು ನಮ್ ಓಪನರ್ರು! ಬಾಟ್ಲಿ ಮುಚ್ಚಳ ತೆಗಿತಾಳೆ!” ಎಂದು ಕೂಗಿದರು. ಎಲ್ಲರೂ ನಕ್ಕರು. ತಂಗಿಯೂ ಅಂಗೈ ಅಡ್ಡ ಇಟ್ಟುಕೊಂಡು ನಕ್ಕಳು.

ಡಾಕ್ಟರಮ್ಮ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದರು. “ಎಲ್ಲ ಮಕ್ಕಳಿಗೂ ಇಷ್ಟು ಬೇಗ ಏನೂ ಮಾಡೋದು ಬೇಡ. ಎಷ್ಟೋ ಮಕ್ಕಳಿಗೆ ಕಾಯೋದೇ ಸರಿ. ಇವಳಿಗೆ ಕಾಯೋಕಾಗಲ್ಲ. ಈ ಹಲ್ಲಿಗೆ ತುಟಿಯ ಮರೆ ಇಲ್ಲ ನೋಡು. ಎಲ್ಲಾದರೂ ಮುಗ್ಗರಿಸಿದ್ರೆ ಮೊದಲು ನೆಲ ಮುಟ್ಟೋದು ಇವೇ. ಈಗ ಹಲ್ಲಿಗೆ ತಂತಿಯ ಒಂದು ಪ್ಲೇಟ್ ಹಾಕಿ ಸ್ವಲ್ಪ ಒಳಗೆ ತಂದುಬಿಟ್ರೆ ಅಪಾಯ ಎಷ್ಟೋ ಕಮ್ಮಿ.” ಇದನ್ನೇ ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ, ನಿಮ್ಮ ಫಾರ್ಮಿಗೆ ಸ್ಟೇಪಲ್ ಹೊಡೆದು ಕೊಟ್ಟರು. ದೊಡ್ಡಾಸ್ಪತ್ರೆಯವರು ಹಾಸ್ಟೆಲ್ ಮಕ್ಕಳನ್ನು ನೋಡಬೇಕಾದರೆ ನಿಮ್ಮ ಅನುಮತಿ ಬೇಕಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಗ್ರೈಂಡರಿನ ಸದ್ದಿನ ನಡುವೆಯೇ ಅವರಿಗೆ ಅರ್ಥವಾಯಿತು. “ಕಬ್ಬಿಣ ಕಾದಾಗ ಬಗ್ಗಿಸೋದು, ಆರಿದ ಮೇಲೆ ಕೊಯ್ಯೋದು. ಅಷ್ಟೇ ತಾನೇ? ಮಾಡಿಸಿಬಿಡು. ಫಾರ್ಮ್ ನೀನೇ ತುಂಬಮ್ಮ, ಓದಿದವಳು ನೀನು. ನಾನ್ ಬರೆದ್ರೆ ಏನಾದ್ರೂ ಎಡವಟ್ಟಾಗತ್ತೆ.”

ಓದಿದವಳು ತುಂಬಿದಳು. ಏಳನೇ ಕಾಲಂ: ‘ಕೋರಿಕೆಯ ಕಾರಣ, ಒಂದೇ ಸಾಲಿನಲ್ಲಿ.’ ಡಾಕ್ಟರಮ್ಮ ನನಗೆ ಹೇಳಿದ್ದನ್ನೇ ಅಲ್ಲಿ ಇಳಿಸಿದ್ದರೆ ಮುಗಿದಿತ್ತು. ಆದರೆ ಹಾಸ್ಟೆಲಿನಲ್ಲಿ ಪ್ರಬಂಧ ಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಹೇಳಿಕೊಟ್ಟದ್ದು ತಲೆಯಲ್ಲಿತ್ತು: ಓದುವವರ ಮನಸ್ಸಿಗೆ ತಟ್ಟುವ ಒಂದು ಸಾಲು ಇರಲಿ. ಇಂಥದ್ದಕ್ಕೆ ನನಗೆ ಎರಡು ಸಲ ಬಹುಮಾನ ಬಂದಿದೆ. ತಂಗಿಯನ್ನೇ ಕೇಳಿದೆ, “ಏನು ಬರೀಲೇ?”

“ಕ್ಲಾಸ್ ಫೋಟೋದಲ್ಲಿ ಕೈ ಇಲ್ದೆ ನಗೋಕೆ ಅಂತ ಬರಿ ಅಕ್ಕ.”

ನಾನು ಬರೆದೆ. ‘ತರಗತಿಯ ಫೋಟೋದಲ್ಲಿ ಬಾಯಿಗೆ ಕೈ ಅಡ್ಡ ಇಡದೆ ನಗಲು.’ ಮುದ್ದಾದ ಅಕ್ಷರ, ಎರಡು ಬಾರಿ ಓದಿ ಸಂತೋಷಪಟ್ಟೆ. ಓದುವವರ ಕಣ್ಣು ಒದ್ದೆಯಾಗಬಹುದು ಅಂದುಕೊಂಡೆ.

ಹನ್ನೊಂದು ವಾರದ ಮೇಲೆ ಫಾರ್ಮ್ ವಾಪಸು ಬಂತು. ಏಳನೇ ಕಾಲಮ್ಮಿನ ‘ಫೋಟೋ’, ‘ನಗಲು’ ಎಂಬ ಎರಡು ಪದಗಳ ಕೆಳಗೆ ಗೆರೆ. ಪಕ್ಕದಲ್ಲಿ ಮೊಹರು. ಹಿಂದೆ ಡಾಕ್ಟರಮ್ಮನ ಚೀಟಿ, ಅವರು ಮಡಿಸಿದ ಹಾಗೆಯೇ, ಅವರು ಹೊಡೆದ ಒಂದೇ ಸ್ಟೇಪಲ್ಲಿನಲ್ಲಿ ನಾಲ್ಕೂ ಮಡಿಕೆ ಬಂದಿಯಾಗಿ. ಆ ಸ್ಟೇಪಲ್ ಕೀಳದೆ ಚೀಟಿ ಓದುವ ವಿದ್ಯೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನಾನು ಕೂಡಲೇ ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ಕಾರಿಡಾರಿನ ಬೆಂಚಿನ ಎದುರಿಗೆ, ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೀರಿ: ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎರಡು ಗಂಟೆ ಅದನ್ನೇ ಓದಿದೆ. ಹಲ್ಲಿನ ಮಟ್ಟಿಗೆ ಮಾತ್ರ ನಿಮ್ಮ ಇಲಾಖೆ ಮರವಾಗುವವರೆಗೆ ಕಾಯುತ್ತದೆಯೇ? ನಿಮ್ಮ ಗುಮಾಸ್ತರು ಒಳ್ಳೆಯವರು, ಕುಡಿಯಲು ನೀರು ಕೊಟ್ಟರು. “ಅಯ್ಯೋ, ಹಲ್ಲು ಉಬ್ಬಿದ್ರೆ ಏನಮ್ಮ? ನಮ್ಮತ್ತೆಗೂ ಉಬ್ಬೇ. ಮದ್ವೆ ಆಗ್ಲಿಲ್ವಾ? ನಾಲ್ಕು ಮಕ್ಕಳನ್ನ ಹೆತ್ತು ಇವತ್ತಿಗೂ ನನ್ನ ಮೇಲೆ ಆ ಹಲ್ಲು ಮಸೀತಾರೆ!” ನಾನೂ ನಕ್ಕುಬಿಟ್ಟೆ ಮಾನ್ಯರೇ. ದೊಡ್ಡವರು ಜೋಕ್ ಮಾಡಿದಾಗ ನಗಬೇಕೆಂದು ಅಭ್ಯಾಸವಾಗಿದೆ. “ನೋಡೋಣ, ಇನ್ನೊಂದು ಅರ್ಜಿ ಹಾಕಿ” ಎಂದರು. ಹೊಸ ಫಾರ್ಮ್ ತೆಗೆದುಕೊಂಡು ಹಿಂದಿರುಗಿದೆ. ಅವತ್ತೇ ಅಲ್ಲಿ ಕೂತು, ಚೀಟಿ ಬಿಚ್ಚಿ, ಯಾರ ಮುಂದಾದರೂ ಜೋರಾಗಿ ಓದಬೇಕಿತ್ತು. ಓದಲಿಲ್ಲ.

ಮೊಹರು ಬಂದ ಒಂಬತ್ತನೇ ದಿನ ಬೆಳಿಗ್ಗೆ, ಸ್ನಾನದ ಸರದಿ ತಪ್ಪೀತೆಂದು ಬಕೆಟ್ ಹಿಡಿದು ಓಡಿದ ತಂಗಿ ನಲ್ಲಿಯ ಕಟ್ಟೆಯ ಬಳಿ ಜಾರಿದಳು. ಮೊಣಕಾಲು ತರಚಲಿಲ್ಲ, ಅಂಗೈ ತರಚಲಿಲ್ಲ. ಮೊದಲು ನೆಲ ಮುಟ್ಟಿದ್ದು ಅವೇ. ಕಳಚಿದ ಹಲ್ಲನ್ನು ಯಾರೋ ಜಾಣೆ ತೊಳೆದು, ಒರೆಸಿ, ಪೆನ್ಸಿಲ್ ಡಬ್ಬಿಯಲ್ಲಿಟ್ಟಳು. ತಕ್ಷಣ ಹಾಲಿನಲ್ಲಿ ಹಾಕಿ ತಂದಿದ್ದರೆ ಮತ್ತೆ ಕೂರಿಸಿ ನೋಡಬಹುದಿತ್ತು ಎಂದು ಡಾಕ್ಟರಮ್ಮ ಸಂಜೆ ಹೇಳಿದರು. ನಿಮ್ಮ ತಪಾಸಣೆಯಲ್ಲಿ ಯಾರೂ ಆ ಮಾತನ್ನು ವಾರ್ಡನ್ನಿಗೆ ಹೇಳಿರಲಿಲ್ಲ. ‘ಆ ಅನ್ನು, ನೆಕ್ಸ್ಟ್’ನಲ್ಲಿ ಅದಕ್ಕೆ ಜಾಗವೆಲ್ಲಿ?

ಮುಂದಿನ ವಾರ ಕ್ಲಾಸ್ ಫೋಟೋ ತೆಗೆದರು. ಒಂದು ಪ್ರತಿ ನನ್ನ ಬಳಿಯಿದೆ. ಕೊನೆಯ ಸಾಲಿನಲ್ಲಿ ನಿಂತಿದ್ದಾಳೆ. ಕೈ ಅಡ್ಡ ಇಲ್ಲ. ಎಷ್ಟು ಎಳೆದರೂ ಸೇರದಿದ್ದ ಅವಳ ತುಟಿಗಳು ಅಚ್ಚುಕಟ್ಟಾಗಿ ಸೇರಿವೆ. ಅಂದರೆ ನಿಮ್ಮ ಮೊಹರಿನ ಪ್ರಕಾರ ಇದ್ದ ಸೌಂದರ್ಯದ ಸಮಸ್ಯೆ ಬಗೆಹರಿದಿದೆ. ಕಡತ ಮುಚ್ಚಬಹುದು.

ನನ್ನ ಅಪ್ಪ ಒಂದು ಮಾತೂ ಬೈಯಲಿಲ್ಲ. “ಫಾರ್ಮಲ್ಲಿ ಎಲ್ಲಾ ಸರಿಯಾಗೇ ಬರೆದಿದ್ಯಲ್ಲಮ್ಮ?” ಎಂದಷ್ಟೇ ಕೇಳಿದರು. “ಹೂಂ ಅಪ್ಪ” ಎಂದೆ. ಅವರು ಈ ಪತ್ರ ಓದಿದರೆ ನಿಜ ಗೊತ್ತಾಗುತ್ತದೆ. ಗೊತ್ತಾಗಲಿ.

ತಂಗಿಗೆ ಇನ್ನೂ ಗೊತ್ತಿಲ್ಲ. ಅವಳ ತರಗತಿಯಲ್ಲಿ ದಿನಕ್ಕೊಬ್ಬರ ಹಾಲುಹಲ್ಲು ಬೀಳುತ್ತದೆ, ಮತ್ತೆ ಬರುತ್ತದೆ. ತನ್ನದೂ ಹಾಗೆಯೇ ಎಂದುಕೊಂಡಿದ್ದಾಳೆ. ಭಾನುವಾರ ಫೋನಿನಲ್ಲಿ ಮೊದಲ ಪ್ರಶ್ನೆ ಅದೇ: “ಅಕ್ಕ, ನಾಲ್ಗೆ ಇಟ್ಟು ನೋಡ್ದೆ, ಇನ್ನೂ ಬಂದಿಲ್ಲ. ಯಾವಾಗ ಬರತ್ತೆ?” ಅದು ಹಾಲುಹಲ್ಲಾಗಿರಲಿಲ್ಲ, ಬರುವುದಿಲ್ಲ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. “ನೋಡೋಣ” ಎನ್ನುತ್ತೇನೆ. ನಿಮ್ಮ ಗುಮಾಸ್ತರ ಮಾತು, ನನಗೂ ಕೆಲಸಕ್ಕೆ ಬಂತು.

ಇದು ಆಗಿಹೋಯಿತು. ಆದರೆ ನಾನು ಬರೆಯಲು ಕೂತದ್ದು ಇನ್ನೂ ಆಗದಿರುವ ಒಂದಕ್ಕಾಗಿ. ತಂಗಿಯ ಕೆಳಗಿನ ಮಂಚದಲ್ಲಿ ಮಲಗುವ ಏಳು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಕಚ್ಚಿದರೆ ಅವಳ ಕೆಳದವಡೆ ಒಂದು ಪಕ್ಕಕ್ಕೆ ಜಾರುತ್ತದೆ. ಮೇಲಿನ ಅಂಗುಳು ಕಿರಿದಾಗಿರುವುದೇ ಕಾರಣ, ಅದರ ಮೂಳೆ ಇನ್ನೂ ಎಳೆಯದು, ಈಗಾದರೆ ಸಣ್ಣ ಸಾಧನವೊಂದರಿಂದ ಅಗಲ ಮಾಡಬಹುದು, ಬಿಟ್ಟರೆ ಮುಂದೆ ಆಪರೇಷನ್ನೇ ಬೇಕಾದೀತು ಎಂದು ಡಾಕ್ಟರಮ್ಮ ಅವಳಿಗೂ ಅದೇ ದಿನ ಚೀಟಿ ಬರೆದರು. ಅವಳ ಅಜ್ಜಿಗೆ ಓದಲು ಬರುವುದಿಲ್ಲ. ‘ನಿನ್ನ ಅಕ್ಷರ ಚೆನ್ನಾಗಿದೆಯಂತೆ ಮಗಳೇ’ ಎಂದು ನನ್ನ ಕೈಗೇ ಫಾರ್ಮ್ ಕೊಟ್ಟರು. ತಂಗಿಯ ಫಾರ್ಮ್ ವಾಪಸು ಬರುವ ಮೊದಲೇ ನಾನು ತುಂಬಿ ಕಳಿಸಿದ ಅದು ಈಗ ನಿಮ್ಮ ಮೇಜಿನ ಮೇಲಿದೆ. ಅದರ ಏಳನೇ ಕಾಲಮ್ಮಿನಲ್ಲಿಯೂ ನನ್ನದೇ ಕೈಬರಹ: ‘ಎಲ್ಲರ ಜೊತೆ ನಿಂತು ನಾಚಿಕೆಯಿಲ್ಲದೆ ಹಾಡಲು.’

ನನ್ನ ಬೇಡಿಕೆ ಇದು. ಆ ಸಾಲನ್ನು ಓದಬೇಡಿ. ಅದು ಪ್ರಬಂಧದ ಸಾಲು. ಹಾಳೆ ತಿರುವಿ, ಸ್ಟೇಪಲ್ ಕಿತ್ತು, ನಾಲ್ಕೂ ಮಡಿಕೆ ಬಿಡಿಸಿ, ಹಲ್ಲಿನ ಡಾಕ್ಟರು ಬರೆದದ್ದನ್ನು ಓದಿ, ಈ ವಾರವೇ ಅವಳನ್ನು ಆಸ್ಪತ್ರೆಗೆ ಕಳಿಸಿ. ಆ ನೀಲಿ ಮೊಹರನ್ನು ಎಳೆಯ ಮಕ್ಕಳ ಫಾರ್ಮಿನಿಂದ ದೂರವಿಡಿ. ಮುಂದಿನ ತಪಾಸಣೆಯಲ್ಲಿ ‘ಆ’ ಆದ ಮೇಲೆ ‘ಕಚ್ಚು’ ಎಂದು ಹೇಳಿಸಿ. ಹೇಳಲು ಒಂದು ಕ್ಷಣ ಸಾಕು.

ಭಾನುವಾರ ಮತ್ತೆ ಫೋನ್ ಬರುತ್ತದೆ. ಈ ಸಲ ತಂಗಿಗೆ ನಿಜ ಹೇಳುತ್ತೇನೆ. ಹೇಳಿದ ಮೇಲೆ ಅವಳು ಕೇಳುವ ಪ್ರಶ್ನೆ ನನಗೆ ಈಗಲೇ ಗೊತ್ತು: “ಹಾಗಾದ್ರೆ ಕೆಳಗಿನ ಮಂಚದವಳದ್ದು?” ಅದಕ್ಕೆ ಉತ್ತರ ನಿಮ್ಮ ಮೇಜಿನ ಮೇಲಿದೆ.

ಇಂತಿ,
ಏಳನೇ ಕಾಲಮ್ಮನ್ನು ಮುದ್ದಾಗಿ ತುಂಬಿದ
ಒಬ್ಬ ಅಕ್ಕ