ಮೂಲೆಮನೆಯ ದೀಪ

ಜೂನ್ ೧೧, ಸಂಜೆ

ಈ ಕಥೆ ಮೊದಲು ಹೇಳಿದ್ದು ಇಲ್ಲಿನ ಸೋಲಾರ್ ನೋಡಿಕೊಳ್ಳುವ ಆಪರೇಟರ್ ಹುಡುಗಿಯ ಸೋದರತ್ತೆ. ಇವತ್ತೇ, ಬ್ಯಾಟರಿ ಕೋಣೆ ನೋಡಿ ಬಂದು ಅವರ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾಗ. ಅಕ್ಕಪಕ್ಕದವರೂ ಕೂತಿದ್ದರು.

ಇಡೀ ಬೀದಿಗೆ ಒಂದೇ ಸೋಲಾರ್, ಒಂದೇ ಬ್ಯಾಟರಿ ಸಾಲು. ಇದು ಬಾಳುತ್ತದೋ ಇಲ್ಲವೋ ಎಂದು ವರದಿ ಕೊಡುವುದು ನನ್ನ ಕೆಲಸ. ಬಾಳದು ಅಂದರೆ ಕಂಪನಿಯವರು ಎಲ್ಲ ಕಿತ್ತುಕೊಂಡು ಹೋಗುತ್ತಾರೆ. ಒಳಗೆ ಅತ್ತೆಯ ತಮ್ಮ, ಹುಡುಗಿಯ ಅಪ್ಪ, ಉಸಿರಾಟದ ಮೆಷಿನ್ ಹಾಕಿಕೊಂಡು ಮಲಗಿದ್ದಾರೆ. ಅದಕ್ಕೂ ಇದೇ ಕರೆಂಟು.

ಬ್ಯಾಟರಿ ಎಂದೋ ಸಾಯಬೇಕಿತ್ತು. ಸತ್ತಿಲ್ಲ. ಯಾಕೆ ಅಂದೆ.

ಅತ್ತೆ ಮೂಲೆಮನೆ ತೋರಿಸಿದರು. ತಂತಿಯನ್ನೆಲ್ಲ ಎಳೆದ ವೈರ್‌ಮನ್‌ನ ಮನೆ. ಬ್ಯಾಟರಿಯ ಚಾರ್ಜ್ ಇಳಿದಾಗ ಕಿಟಕಿಯಲ್ಲಿ ದೀಪ ಹಚ್ಚುತ್ತಿದ್ದನಂತೆ. ಕಂಡವರು ತಮ್ಮ ಮನೆಯದನ್ನೆಲ್ಲ ಆರಿಸಬೇಕು. ಬೀದಿಯ ಕಟ್ಟಳೆ.

“ಅವನು ತೀರಿಹೋದ, ಮನೆಗೆ ಬೀಗ ಬಿತ್ತು. ದೀಪ ಹತ್ತೋದು ಮಾತ್ರ ನಿಂತಿಲ್ಲ, ಮೀಟರಪ್ಪ.”

ಬಂದ ದಿನವೇ ಅಡ್ಡಹೆಸರು ಇಟ್ಟಾಗಿದೆ! ನಕ್ಕೆ. ಒಳಗೆ ತಾನಾಗಿ ದೀಪ ಹಚ್ಚುವ ಯಾವುದೋ ರಿಲೇ ಇಟ್ಟಿರುತ್ತಾನೆ ಅಂದೆ. ಬೇರೆ ಯಾರೂ ನಗಲಿಲ್ಲ.

ಜೂನ್ ೧೨

ಖಾಲಿ ಮನೆಗೆ ಕರೆಂಟು ದಂಡ. ಕಂಬ ಹತ್ತಿ ಆ ಮನೆಯ ವೈರ್ ಕತ್ತರಿಸಿದೆ. ತುಂಡು ಬ್ಯಾಗಿನಲ್ಲಿದೆ. ಹುಡುಗಿ ಏಣಿ ಹಿಡಿದಿದ್ದಳು.

ಜೂನ್ ೧೫, ಸಂಜೆ

ಎರಡು ದಿನ ಬರೆಯಲಾಗಿರಲಿಲ್ಲ. ಮೋಡ ಸರಿದೇ ಇಲ್ಲ. ದೀಪ ಹತ್ತಲಿಲ್ಲವಲ್ಲ, ಹಾಗಾಗಿ ಯಾರೂ ಏನೂ ಆರಿಸಲಿಲ್ಲ. ಟಿವಿ, ಫ್ಯಾನು, ಮಿಕ್ಸಿ... ಮೀಟರ್ ನೋಡುವ ಅಭ್ಯಾಸ ಇಲ್ಲಿ ಯಾರಿಗಿದೆ? ನೋಡುವುದು ಕಿಟಕಿಯನ್ನು.

ಈಗ ಸ್ವಲ್ಪ ಮುಂಚೆ ವೋಲ್ಟೇಜ್ ಕುಸಿದು ಮೆಷಿನ್ ನಿಂತಿತು. ಹುಡುಗಿ ಕೈಯಲ್ಲಿ ರಬ್ಬರ್ ಚೀಲ ಒತ್ತಿ ಅಪ್ಪನಿಗೆ ಉಸಿರು ಕೊಡುತ್ತಾ ಕೂತಳು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಕತ್ತರಿಸೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?” ಅಂದರು, ಅಷ್ಟೇ.

ಅಷ್ಟರಲ್ಲಿ ಮೂಲೆಮನೆಯ ಕಿಟಕಿ ಬೆಳಗಿತು.

ಬ್ಯಾಗ್ ತೆರೆದು ನೋಡಿದೆ. ವೈರ್ ಅಲ್ಲೇ ಇದೆ.

ಬೀದಿಯ ಮನೆಗಳು ಒಂದರ ಹಿಂದೊಂದು ಕತ್ತಲಾದವು. ಮೆಷಿನ್ ಗೊರಗೊರ ಅಂತ ಮತ್ತೆ ಶುರುವಾಯಿತು.

ಜೂನ್ ೧೬, ಬೆಳಿಗ್ಗೆ

ಮೋಡ ಹಾಗೇ ಇದೆ. ದೀಪವೂ ಉರಿಯುತ್ತಲೇ ಇದೆ.

ಆವತ್ತು ಜಗಲಿಯಲ್ಲಿ ಕಥೆ ಕೇಳಿದವರೆಲ್ಲ ಬೆಳಗಾಗುತ್ತಲೇ ಬೀದಿಗೆ ಬಂದರು. ಮೂಲೆಮನೆಯ ಬೀಗ ಯಾರೂ ಮುಟ್ಟಲಿಲ್ಲ. ಮನೆಮನೆಗೆ ಹೋಗಿ ಸ್ವಿಚ್ಚು ನೋಡಿದರು. ಮೆಷಿನ್ ಒಂದು ಬಿಟ್ಟು ಎಲ್ಲ ಆರಿಸಿಯೇ ಇದೆ. ಆಮೇಲೆ ಒಬ್ಬೊಬ್ಬರಾಗಿ ನಾನು ಉಳಿದುಕೊಂಡಿರುವ ಕೋಣೆಯತ್ತ ತಿರುಗಿದರು. ಈಗಲೂ ಹಾಗೇ ನಿಂತಿದ್ದಾರೆ.

ಇಲ್ಲಿ ನಾನು ವರದಿಗೆ ಕೂತಿದ್ದೇನೆ. ಬಾಳುತ್ತದೆ ಅಂತಲೇ ಬರೆದೆ. ನೋಡಿಕೊಳ್ಳುವವರು ಯಾರು ಎಂದು ಕೇಳಿರುವ ಕಡೆ ಮಾತ್ರ ಏನು ಬರೆಯಲಿ...

ಕಾಲ ಬಳಿ ಏನೋ ಗುಂಯ್ ಅನ್ನುತ್ತಿದೆ.

ನನ್ನ ಲ್ಯಾಪ್‌ಟಾಪ್ ಚಾರ್ಜರ್.

ಕಿತ್ತೆ. ತಲೆ ಎತ್ತಿ ನೋಡಿದರೆ, ಮೂಲೆಮನೆಯ ಕಿಟಕಿಯಲ್ಲಿ ದೀಪ ಆರಿತ್ತು.