ಕಂಬದ ತುದಿಯ ರಿಬ್ಬನ್

ಒಹಾಯೋ, ಸೋಮವಾರ

ಕೋಚ್ ಹಾಲ್ವರ್ಸನ್ ಅವರಿಗೆ, ವೆಂಡೆಲ್‌ನ ವಂದನೆ.

ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ನೀವು ಕೋಲ್ಬಿಯನ್ನು ಬಿಟ್ಟು ಮತ್ತೆ ನನ್ನನ್ನೇ ಆರಿಸಿದ್ದೀರಿ. "ಹನ್ನೊಂದು ವರ್ಷದ ಅಂಕಿ ಸುಳ್ಳು ಹೇಳತ್ತೇನಯ್ಯಾ?" ಎಂದಿರಿ. ಸುಳ್ಳಲ್ಲ ಸರ್, ಆದರೆ ಅವನ್ನು ಗಳಿಸಿದ್ದು ನನ್ನ ಹಳೆಯ ಭುಜ. ಈ ವರ್ಷ ಅವು ಕುಸಿಯದಂತೆ ನೋಡಿಕೊಂಡವರು ಹುಡುಗರು. ಚೆಂಡು ಹಿಡಿಯಲು ಮುಂದೆ ಓಡಿದ ಲಮಾಂಟ್, ನಾನೆಸೆದದ್ದು ಅಲ್ಲಿಗೆ ತಲುಪುವುದಿಲ್ಲವೆಂದು ತಿರುಗಿ ಬಂದು ಹಿಡಿಯುತ್ತಾನೆ. ಲೆಕ್ಕದಲ್ಲಿ ಅದೂ ನನ್ನ ಒಳ್ಳೆಯ ಎಸೆತವೇ.

ಬರುವ ಭಾನುವಾರ ಕೋಲ್ಬಿಯನ್ನೇ ಮೈದಾನಕ್ಕಿಳಿಸಿ. ಅವನ ಹೆಲ್ಮೆಟ್ ಸಡಿಲವಿದೆ, ಒಳಗಿನ ಮೆತ್ತೆ ಬದಲಿಸಲು ಹೇಳಿ.

ನಿನ್ನೆ ಆಟ ಮುಗಿದ ಮೇಲೆ ಲಮಾಂಟ್‌ನನ್ನು ಕೇಳಿದೆ, ಯಾಕೋ ಹಿಂದಕ್ಕೆ ಓಡಿ ಬಂದೆ ಎಂದು.

"ಎದುರುಗಾಳಿ ಜೋರಿತ್ತು ಕಣಣ್ಣ," ಎಂದ.

ಗೋಲುಕಂಬದ ತುದಿಯ ರಿಬ್ಬನ್ ಅಲ್ಲಾಡದೆ ಜೋತುಬಿದ್ದಿತ್ತು.

ನಿಮ್ಮ
ವೆಂಡೆಲ್