ನಿಮ್ಮ ಕೈ ತಡವಾಗಿರಲಿಲ್ಲ

ಪ್ರೀತಿಯ ಅಪ್ಪಾ,

ಈ ಕಾಗದವನ್ನು ನಿಂತುಕೊಂಡು ಓದಬೇಡಿ. ಅಂಗಡಿಯಲ್ಲಿ ಗಿರಾಕಿಗಳು ಕೂರುವ ನಿಮ್ಮ ಕುರ್ಚಿಯಲ್ಲೇ ಕೂತು ಓದಿ. ಶುಕ್ರವಾರ ಆ ಕುರ್ಚಿಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಮನೆಯಲ್ಲಿ ಕೂರುತ್ತೀರಂತೆ, ಅಮ್ಮ ಹೇಳಿದಳು. ಇವತ್ತು ಸೋಮವಾರ. ಬೆಳಿಗ್ಗೆಯಿಂದ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ನನ್ನ ಮಾತು ಅರ್ಧಕ್ಕೆ ಬರುವ ಮೊದಲೇ, "ಸಮಾಧಾನಕ್ಕೆ ಹೇಳ್ತಿದೀಯ, ಬಿಡು. ತಗೋ, ಅಮ್ಮನ ಹತ್ರ ಮಾತಾಡು" ಎಂದು ಜಾರಿಕೊಂಡಿರಿ. ಕಾಗದಕ್ಕೆ ಆ ತೊಂದರೆಯಿಲ್ಲ. ಬೇಡವೆಂದು ಮಡಚಿಟ್ಟರೂ ಜೇಬಿನಲ್ಲಿ ಚುಚ್ಚುತ್ತಿರುತ್ತದೆ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಕಿಟಕಿಯ ತನಕ ಹೋಗುತ್ತೇನೆ, ಮತ್ತೆ ಬಂದು ಹಿಂದಿನ ಸಾಲು ಹೊಡೆದು ಹಾಕುತ್ತೇನೆ. ಒಲೆಯ ಮೇಲಿಟ್ಟ ಹಾಲು ಆಗಲೇ ಉಕ್ಕಿ ಹೋಯಿತು. ನೀವು ನನಗೆ ಆ ಅಡ್ಡಹೆಸರನ್ನು ಸುಮ್ಮನೆ ಇಟ್ಟದ್ದಲ್ಲ. ನಾನು ಚಿಕ್ಕವಳಿದ್ದಾಗ ಕುರ್ಚಿಯ ಎರಡು ತೋಳುಗಳ ಮೇಲೆ ಹಲಗೆ ಹಾಕಿ, ಅದರ ಮೇಲೆ ನನ್ನನ್ನು ಕೂರಿಸಿ, ಕತ್ತಿನ ಹಿಂದೆ ರೇಜರ್ ಹಿಡಿದು, "ಏ ಗಡಿಬಿಡಿ, ಒಂದು ನಿಮಿಷ ಅಲ್ಲಾಡ್ಬೇಡ" ಅನ್ನುತ್ತಿದ್ದಿರಿ. ನಾನು ಅಲ್ಲಾಡದೆ ಇದ್ದ ನಿಮಿಷವೇ ಇಲ್ಲ. ಆದರೂ ಒಂದು ದಿನವೂ ಗೀರಿಲ್ಲ ನಿಮ್ಮ ಕೈ. ನಾನು ಯಾವ ಕಡೆ ತಿರುಗುತ್ತೇನೆಂದು ಅದಕ್ಕೆ ನನಗಿಂತ ಮೊದಲೇ ಗೊತ್ತಿರುತ್ತಿತ್ತು. ಆ ಕೈಗೆ ನಾನು ಹೇಳಿದ ಮಾತು ನೋಡಿ.

ವಿಷಯಕ್ಕೆ ಬರುತ್ತೇನೆ. ಅಪ್ಪಾ, ನಿಮ್ಮ ಕೈ ನಿಧಾನವಾಗಿಲ್ಲ. ಅವತ್ತೂ ಆಗಿರಲಿಲ್ಲ. ನಿಧಾನವಾಗಿದ್ದದ್ದು ನನ್ನ ಕಂಪ್ಯೂಟರು.

ಎಂಟು ತಿಂಗಳ ಹಿಂದೆ ನೀವು ಗಿಟಾರು ಹೆಗಲಿಗೆ ಹಾಕಿಕೊಂಡು, ಗಿಟಾರಿನ ದನಿ ಬದಲಿಸುವ ಆ ಎಫೆಕ್ಟ್ಸ್ ಪ್ರೊಸೆಸರನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ಬಂದಿರಿ. ಹುಟ್ಟುಹಬ್ಬಕ್ಕೆ ನಾನೇ ಕೊಡಿಸಿದ್ದು. ನೀವು ಅದನ್ನು ಒಂದು ದಿನವೂ ಅದರ ಹೆಸರು ಹಿಡಿದು ಕರೆದವರಲ್ಲ, 'ಕಾಲ್ಪೆಟ್ಟಿಗೆ' ಅನ್ನುತ್ತಿದ್ದಿರಿ. ಚಪ್ಪಲಿ ಬಿಟ್ಟು ಹೆಬ್ಬೆರಳಲ್ಲಿ ಅದರ ಗುಂಡಿ ಒತ್ತಿ, ಒಂದು ತಂತಿ ಮೀಟಿ, ದನಿ ಬಾವಿಯೊಳಗಿಂದ ಬಂದ ಹಾಗೆ ಗುಂಯ್‌ಗುಟ್ಟಿದಾಗ ನನ್ನ ಮುಖ ನೋಡಿ ನಕ್ಕಿದ್ದಿರಿ. ನಿಮ್ಮದೇ ಆ ಟ್ಯೂನು, ಒಬ್ಬ ಗಿರಾಕಿ ಎದ್ದು ಇನ್ನೊಬ್ಬ ಕೂರುವ ನಡುವೆ, ಕನ್ನಡಿ ಪಕ್ಕದ ಮೊಳೆಯಿಂದ ಗಿಟಾರು ಇಳಿಸಿ ನುಡಿಸುತ್ತಿದ್ದ ಹೆಸರಿಲ್ಲದ ಟ್ಯೂನು, ಅದನ್ನು ರೆಕಾರ್ಡ್ ಮಾಡಿಕೊಡೆಂದು ಅಮ್ಮ ವರ್ಷದಿಂದ ನನ್ನ ಬೆನ್ನು ಬಿದ್ದಿದ್ದಳು. ನನಗೂ ಅದು ಹೆಮ್ಮೆಯ ಕೆಲಸ. ಬಟ್ಟೆ ಇಸ್ತ್ರಿ ಮಾಡುವಷ್ಟೇ ಜಾಗದ ಕೋಣೆಗೆ ಹಳೆಯ ರಜಾಯಿ ಬಡಿದು, ಅದನ್ನು ಸ್ಟುಡಿಯೋ ಎಂದು ಕರೆದು, ಊರಿನ ಜಾಹೀರಾತಿಗೆಲ್ಲ ಸಂಗೀತ ಮಾಡಿಕೊಡುವ ಮಗಳು ನಾನು. ಅಪ್ಪನ ಮುಂದೆ ಸ್ವಲ್ಪ ಜಂಬವೂ ಇತ್ತೆಂದು ಇಟ್ಟುಕೊಳ್ಳಿ.

ಮೊದಲು ದಪ್ಪ ಕೇಬಲ್ಲಿನಲ್ಲಿ ಜೋಡಿಸಿದೆ, ಹಾಳು ಝೇಂಕಾರ. ಆಮೇಲೆ ಅದನ್ನು ಕಿತ್ತು ಯುಎಸ್‌ಬಿ ತಂತಿ ಹಾಕಿ ಕಾಲ್ಪೆಟ್ಟಿಗೆಯನ್ನು ನೇರ ಕಂಪ್ಯೂಟರಿಗೆ ಕಟ್ಟಿದೆ. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡೆವು. ತಾಳದ ಟಿಕ್ ಟಿಕ್ ಶುರುವಾಯಿತು, ನೀವು ನುಡಿಸಿದಿರಿ, ನನ್ನ ಕಿವಿಗೆ ಪ್ರತಿ ಸ್ವರವೂ ಟಿಕ್ ಆದ ಮೇಲೆ ಬಂದು ಬಿತ್ತು. ನಿಲ್ಲಿಸಿದೆ. ಮತ್ತೆ. ನಿಲ್ಲಿಸಿದೆ. ಹನ್ನೊಂದು ಸಲ ನಿಲ್ಲಿಸಿದೆ ಅಪ್ಪಾ. ಒಂದನ್ನಾದರೂ ಮರಳಿ ಹಾಕಿ ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ. ಮಧ್ಯಾಹ್ನ ಇನ್ನೊಬ್ಬರ ಕೆಲಸ ಕಾದಿತ್ತು. ಹನ್ನೊಂದನೆಯ ಸಲ ನಾನು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿ ಹೇಳಿದೆ, "ನಿಮ್ಮ ಕೈಗೆ ವಯಸ್ಸಾಯ್ತಪ್ಪಾ, ಲೇಟಾಗ್ತಿದೆ." ನೀವು ಜಗಳವಾಡಲಿಲ್ಲ. ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಿರಿ, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ. ಗಿಟಾರು ಚೀಲಕ್ಕೆ ಹಾಕಿದಿರಿ. ಕಾಲ್ಪೆಟ್ಟಿಗೆ ಇಲ್ಲೇ ಇರಲಿ, ನಿನಗೆ ಉಪಯೋಗಕ್ಕೆ ಬರುತ್ತದೆ ಎಂದು ಬಿಟ್ಟು ಹೋದಿರಿ.

ಆ ಮಾತು ಗಿಟಾರಿನ ಹತ್ತಿರವೇ ನಿಲ್ಲುತ್ತದೆ ಎಂದುಕೊಂಡಿದ್ದೆ. ನಾನೆಂಥ ದಡ್ಡಿ! ಮರುದಿನವೇ ನೀವು ಮೇಷ್ಟ್ರ ಕೆನ್ನೆಗೆ ನೊರೆ ಹಚ್ಚಿ, ರೇಜರ್ ತೆರೆದು, ಹಾಗೆಯೇ ನಿಂತುಬಿಟ್ಟಿರಂತೆ. ಇಪ್ಪತ್ತು ವರ್ಷದಿಂದ ನಿಮ್ಮ ಕೈ ಬಿಟ್ಟು ಇನ್ನೊಬ್ಬರಿಗೆ ಗಲ್ಲ ಕೊಡದ ಮನುಷ್ಯ. "ನನ್ನ ಕೈ ಹಿಂದೆ ಬೀಳ್ತಿದೆ ಮೇಷ್ಟ್ರೇ, ತಮ್ಮನ ಹತ್ರ ಮಾಡಿಸ್ಕೊಳ್ಳಿ" ಎಂದಿರಂತೆ. ಅವತ್ತಿನಿಂದ ನಿಮಗೆ ಬರೀ ಮಷೀನು, ಬಾಚಣಿಗೆ. ರೇಜರ್ ಚಿಕ್ಕಪ್ಪನ ಡ್ರಾಯರಿಗೆ ಹೋಯಿತು. ಬೆಳಿಗ್ಗೆ ಕನ್ನಡಿಯ ಮುಂದೆ ಕೈ ಚಾಚಿ ನಿಂತು ನಡುಗುತ್ತದೆಯೇ ಎಂದು ನೋಡುತ್ತೀರಂತೆ. ಅಮ್ಮ ಇದನ್ನೆಲ್ಲ ನನಗೆ ಹೇಳಿದ್ದು ಹೋದ ವಾರ. ಹೇಳುವಾಗ ಅವಳು ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

ನಿನ್ನೆ ಮಧ್ಯಾಹ್ನ ಒಂದು ಸೋಪಿನ ಜಾಹೀರಾತಿಗೆ ಗಿಟಾರು ಬೇಕಾಯಿತು. ನುಡಿಸುವವನು ಕೈಕೊಟ್ಟ. ನಾನೇ ನುಡಿಸಿಬಿಡೋಣವೆಂದು ನಿಮ್ಮ ಕಾಲ್ಪೆಟ್ಟಿಗೆಯ ಧೂಳು ಒರೆಸಿ, ಅದೇ ಯುಎಸ್‌ಬಿ ತಂತಿಯಲ್ಲಿ ಕಟ್ಟಿದೆ. ನುಡಿಸಿದರೆ ನಾನೂ ಲೇಟು! ಮೊದಲು ನಗು ಬಂತು, ಅಪ್ಪನ ಮಗಳು ಅಂದುಕೊಂಡೆ. ಮೂರನೆಯ ಸಲ ನಗು ನಿಂತಿತು. ಹೆಡ್‌ಫೋನನ್ನು ಕಂಪ್ಯೂಟರಿನಿಂದ ಕಿತ್ತು ಕಾಲ್ಪೆಟ್ಟಿಗೆಗೇ ಚುಚ್ಚಿದೆ. ಬೆರಳು ತಂತಿ ಮುಟ್ಟಿದ ಕ್ಷಣಕ್ಕೇ ದನಿ. ಮತ್ತೆ ಕಂಪ್ಯೂಟರಿಗೆ ಚುಚ್ಚಿದೆ. ತಡ.

ನಡೆದದ್ದು ಇಷ್ಟೆ. ಕಂಪ್ಯೂಟರು ಬಂದ ದನಿಯನ್ನು ಬಂದ ಹಾಗೆಯೇ ಬಿಡುವುದಿಲ್ಲ. ಸ್ವಲ್ಪ ಕೂಡಿಟ್ಟುಕೊಂಡು ಆಮೇಲೆ ಕೇಳಿಸುತ್ತದೆ. ಎಷ್ಟು ಕೂಡಿಡಬೇಕೆಂದು ಹೇಳುವ ಒಂದು ಅಂಕಿ ಇದೆ. ತುಂಬಾ ವಾದ್ಯಗಳನ್ನು ಬೆರೆಸುವಾಗ ಅದನ್ನು ದೊಡ್ಡದು ಮಾಡುತ್ತೇವೆ, ಯಾರಾದರೂ ನುಡಿಸಲು ಕೂತಾಗ ಚಿಕ್ಕದು ಮಾಡಬೇಕು. ಈ ಕೆಲಸ ಕಲಿಯುವವರಿಗೆ ಮೊದಲ ವಾರವೇ ಹೇಳಿಕೊಡುವ ಮಾತು. ನೀವು ಬಂದ ದಿನವೂ, ನಿನ್ನೆಯೂ ನಾನು ಹಿಂದಿನ ದಿನದ ಕೆಲಸಕ್ಕೆ ದೊಡ್ಡದು ಮಾಡಿ, ಗಡಿಬಿಡಿಯಲ್ಲಿ ಹಾಗೆಯೇ ಬಿಟ್ಟಿದ್ದೆ. ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು ತಡ. ಅಷ್ಟನ್ನು ನಿಮ್ಮ ವಯಸ್ಸಿನ ತಲೆಗೆ ಕಟ್ಟಿದೆ.

ಇದೂ ಸಮಾಧಾನದ ಮಾತು ಎನ್ನುತ್ತೀರೆಂದು ಗೊತ್ತು. ಅದಕ್ಕೇ ಈ ಲಕೋಟೆಯಲ್ಲಿ ಒಂದು ಪೆನ್‌ಡ್ರೈವ್ ಇದೆ. ಅಂಗಡಿಯ ರೇಡಿಯೋಗೆ ಚುಚ್ಚಿ. ಅವತ್ತಿನ ಹನ್ನೊಂದೂ ಅದರಲ್ಲಿವೆ, ಒಂದನ್ನೂ ತಿದ್ದಿಲ್ಲ. ನಿನ್ನೆ ಮೊದಲ ಬಾರಿ ಕೇಳಿದೆ. ಕೂಡಿಟ್ಟು ಕೇಳಿಸಿದರೂ ರೆಕಾರ್ಡ್ ಮಾಡಿಡುವಾಗ ಕಂಪ್ಯೂಟರು ಆ ತಡವನ್ನು ಕಳೆದು ಸರಿಯಾದ ಜಾಗದಲ್ಲೇ ಇಡುತ್ತದೆ. ಮೊದಲನೆಯದರಲ್ಲಿ ನಿಮ್ಮ ಪ್ರತಿ ಸ್ವರವೂ ಟಿಕ್ಕಿನ ನೆತ್ತಿಯ ಮೇಲಿದೆ. ಮಾತಿಗೆಂದು ಇಟ್ಟಿದ್ದ ಮೈಕು ತೆರೆದೇ ಇತ್ತು. ನಿಮ್ಮ ಬರಿಗಾಲು ನೆಲ ತಟ್ಟುವುದೂ ಕೇಳುತ್ತದೆ, ಅದೂ ಟಿಕ್ಕಿನ ಜೊತೆಗೇ. ಆಮೇಲೆ ನನ್ನ ಗಂಟಲು, "ಲೇಟು, ಲೇಟು, ನಿಲ್ಸಿ." ಏಳನೆಯದರಲ್ಲಿ ಎರಡೇ ಎರಡು ಸಾಲಿಗೆ ನಾನು "ಹಾಂ, ಈಗ ಸರಿಯಾಯ್ತು" ಅನ್ನುತ್ತೇನೆ. ಆ ಎರಡು ಸಾಲಿನಲ್ಲಿ ನೀವು ತಾಳಕ್ಕಿಂತ ಮುಂದಿದ್ದೀರಿ, ಸರಿಯಾಗಿ ಆ ಇಪ್ಪತ್ತರಲ್ಲೊಂದು ಪಾಲಿನಷ್ಟೇ ಮುಂದೆ. ಮಗಳು ಹೇಳಿದಳೆಂದು, ಇಲ್ಲದ ತಪ್ಪನ್ನು ನಿಮ್ಮ ಕೈ ಅಳೆದು ತಿದ್ದಿಕೊಂಡಿತ್ತು. ಇಂಥ ಕೈಯನ್ನು ಮುದಿ ಕೈ ಅನ್ನುವುದಾದರೆ ಆ ಮುದಿತನ ನನಗೂ ಬರಲಿ.

ಹನ್ನೊಂದನೆಯದನ್ನು ಕೊನೆಯ ತನಕ ಕೇಳಬೇಡಿ. ಕೇಳಿದರೂ ಸರಿ. ನಾನು ಆ ಮಾತು ಹೇಳಿ, ರೆಕಾರ್ಡಿಂಗ್ ನಿಲ್ಲಿಸುವುದನ್ನೂ ಮರೆತು ಕೋಣೆಯಿಂದ ಹೊರಗೆ ಹೋದ ಮೇಲೆ ನೀವೊಬ್ಬರೇ ಕೈಗೆ ಹೇಳಿದ್ದೀರಿ, "ಏನಾಯ್ತೋ ನಿಂಗೆ?" ಅದನ್ನು ಕೇಳಿ ನಾನು ಅದೇ ರಜಾಯಿಯ ಗೋಡೆಗೆ ಮುಖ ಒತ್ತಿ ಅತ್ತೆ. ತಪ್ಪಾಯಿತು ಅಪ್ಪಾ. ನಿಮ್ಮ ಕೈಯ ಹತ್ತಿರವೂ ಕ್ಷಮೆ ಕೇಳಿದ್ದೇನೆಂದು ಅದಕ್ಕೆ ಹೇಳಿ.

ಚಿಕ್ಕಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದ್ದೇನೆ. ಅವರಿಗೆ ಕುರ್ಚಿಯ ಆಸೆಯೇನೂ ಇಲ್ಲ. "ಮೇಷ್ಟ್ರ ಗಲ್ಲ ನನಗೆ ಸಾಕಾಗಿದೆ, ನಿಮ್ಮಪ್ಪ ಹೀಗೆ ಮಾಡ್ತಿದ್ದ, ಹಾಗೆ ಮಾಡ್ತಿದ್ದ ಅಂತ ದಿನಾ ಪಾಠ" ಎಂದರು. ರೇಜರನ್ನು ಸಾಣೆ ಹಿಡಿದು ನಿಮ್ಮ ಡ್ರಾಯರಿನಲ್ಲಿ ಇಡುತ್ತಾರಂತೆ. ನನ್ನ ಸ್ಟುಡಿಯೋದಲ್ಲಿ ಆ ಅಂಕಿಯನ್ನು ಚಿಕ್ಕದು ಮಾಡಿ, ಕಾಲ್ಪೆಟ್ಟಿಗೆಯನ್ನು ಹಾಗೆಯೇ ಜೋಡಿಸಿಟ್ಟಿದ್ದೇನೆ. ಟ್ಯೂನನ್ನು ಯಾವಾಗ ನುಡಿಸುತ್ತೀರೋ ನಿಮ್ಮಿಷ್ಟ, ಅದಕ್ಕೆ ಅವಸರ ಮಾಡುವುದಿಲ್ಲ.

ಅವಸರ ಇನ್ನೊಂದಕ್ಕಿದೆ. ಶುಕ್ರವಾರ ನೀವು ಕುರ್ಚಿ ಬಿಟ್ಟುಕೊಡುವ ಹೊತ್ತಿಗೆ ಅದು ಖಾಲಿ ಇರುವುದಿಲ್ಲ. ಬೆಳಗಿನ ಬಸ್ಸಿಗೆ ಬಂದು ಅದರಲ್ಲಿ ನಾನು ಕೂತಿರುತ್ತೇನೆ. ಕತ್ತಿನ ಹಿಂದೆ ಕೂದಲು ಬೆಳೆದು ಎಂಟು ತಿಂಗಳಾಯಿತು, ಬೇರೆ ಯಾರ ಕೈಗೂ ಕೊಟ್ಟಿಲ್ಲ. ಮಷೀನು ಬೇಡ. ರೇಜರಿನಲ್ಲೇ ತೆಗೆಯಿರಿ.

ನಿಮ್ಮ ಕೈ ನೂರು ಕಾಲ ಚೆನ್ನಾಗಿರಲಿ, ನನ್ನ ತಲೆಯ ಮೇಲಿರಲಿ. ಈ ಸಲ ನಾನು ಅಲ್ಲಾಡುವುದಿಲ್ಲ.

ನಿಮ್ಮ,
ಗಡಿಬಿಡಿ